ಅರ್ಜಿ ಮಾಸ್ತರರ ಮೂರನೇ ಕಾಫಿ

ಕಳೆದ ಭಾನುವಾರ ತವರುಮನೆಯಲ್ಲಿ ರೊಟ್ಟಿ ಹಂಚಿನ ಮೇಲೆ ಹಸಿ ಕಾಫಿ ಬೀಜ ಹುರಿಯುತ್ತ ನಿಂತಿದ್ದೆ. ನಮ್ಮದು ಅಪ್ಪಟ ಚಹಾ ಸೀಮೆ. ಇಲ್ಲಿ ಯಾರಾದರೂ ಕಾಫಿ ಕೇಳಿದರೆ ಮೈಯಲ್ಲಿ ಹುಷಾರಿಲ್ಲವೇನೋ ಎಂದು ಹಣೆ ಮುಟ್ಟಿ ನೋಡುತ್ತಾರೆ. ಮುಧೋಳದ ಕಾಲೇಜಿನಲ್ಲಿ ನನ್ನ ಜೊತೆ ಪಾಠ ಮಾಡುವ ಗೆಳತಿಯೊಬ್ಬಳು ಕೊಡಗಿನ ಪ್ರವಾಸಕ್ಕೆ ಹೋಗಿ, ಪುಡಿ ಎಂದು ತಿಳಿದು ಹಸಿ ಬೀಜದ ಪೊಟ್ಟಣ ತಂದಿದ್ದಳು. ಬಿಚ್ಚಿ ನೋಡಿದರೆ ಬೂದು ಹಸಿರು ಬಣ್ಣದ ಕಾಳು. "ಇದನ್ನ ಕುಕ್ಕರಿಗೆ ಹಾಕಬೇಕೇನ?" ಎಂದು ನನ್ನನ್ನೇ ಕೇಳಿದಳು. ಏನು ಮಾಡಬೇಕೆಂದು ನನಗೆ ಗೊತ್ತಿತ್ತು. ಪೊಟ್ಟಣ ಇಸಿದುಕೊಂಡು ಊರಿಗೆ ಬಂದೆ.

ಬೀಜ ಮೊದಲು ಹಳದಿಯಾಯಿತು, ಆಮೇಲೆ ಕಂದಾಯಿತು, ಆಮೇಲೆ ಚಟಪಟ ಸಿಡಿಯತೊಡಗಿತು. ಹೊಗೆ ಎದ್ದು ಅಡುಗೆ ಮನೆ ತುಂಬಿತು. ವೈನಿ, ಅಣ್ಣನ ಹೆಂಡತಿ, ನಗುತ್ತ ಕಿಟಕಿ ತೆರೆದಳು. ಅವ್ವ ಪಡಸಾಲೆಯಿಂದ ಕೆಮ್ಮುತ್ತ ಬಂದು, "ಏನ್ ಸುಡಾಕತ್ತೀಯಬೇ? ಮನಿಗೆ ಬೆಂಕಿ ಬಿದ್ದೈತೇನಂತ ಎದಿ ಧಸಕ್ ಅಂತು!" ಎಂದಳು. ಆ ಸುಟ್ಟ, ಅಷ್ಟಿಷ್ಟು ಸಿಹಿಯಾದ ವಾಸನೆ ಮೂಗಿಗೆ ಹತ್ತಿದ್ದೇ ತಡ, ನಾನು ಜಮಖಂಡಿಯ ಬೇವಿನ ಗಿಡವೊಂದರ ಕೆಳಗೆ ನಿಂತಿದ್ದೆ. ಹದಿನೆಂಟು ವರ್ಷದ ಹುಡುಗಿ, ಬಗಲಲ್ಲಿ ಕಾಲೇಜಿನ ಚೀಲ, ಕೈಯಲ್ಲಿ ಎರಡು ಹಾಳೆಯ ಅರ್ಜಿ...

ಆ ಗಿಡದ ಕೆಳಗೆ ಅರ್ಜಿ ಬರೆಯುವ ಮಾಸ್ತರರೊಬ್ಬರು ಕೂರುತ್ತಿದ್ದರು. ಸರಕಾರಿ ಕಚೇರಿಗಳ ಎದುರಿಗೆ ಅಂಥವರು ಮೂರ್ನಾಲ್ಕು ಜನ ಇದ್ದರು, ಆದರೆ ಊರ ಮಂದಿ "ಅರ್ಜಿ ಮಾಸ್ತರು" ಎಂದರೆ ಇವರೊಬ್ಬರೇ. ಒಂದು ಕಾಲು ಗಿಡ್ಡಾದ ಟೇಬಲ್ಲು, ಅದರ ಕೆಳಗೊಂದು ಹಂಚಿನ ಚೂರು, ಮೇಲೊಂದು ಮುದಿ ಟೈಪ್‌ರೈಟರ್. ಪಕ್ಕದಲ್ಲಿ ಪಂಪ್ ಒಲೆ. ಮಧ್ಯಾಹ್ನ ಮೂರು ಹೊಡೆಯುತ್ತಲೇ ಅವರು ಬರೆಯುವುದನ್ನು ಅಲ್ಲಿಗೇ ಬಿಟ್ಟು, ಅಂಗೈ ಅಗಲದ ಬಾಣಲೆಯಲ್ಲಿ ಕಾಫಿ ಬೀಜ ಹುರಿಯಲು ಕೂರುತ್ತಿದ್ದರು. ಬೀಜ ಎಲ್ಲಿಂದ ತರಿಸುತ್ತಿದ್ದರೋ, ನಾನು ಕೇಳಲಿಲ್ಲ. ಕಚೇರಿಯ ಜವಾನರು ಆ ವಾಸನೆಗೆ ಮೂಗು ಹಿಡಿದುಕೊಂಡು ಚಹಾದಂಗಡಿಗೆ ಹೋಗುತ್ತಿದ್ದರು. "ಮಾಸ್ತರ ಮತ್ತ ಹೆಣಾ ಸುಡಾಕತ್ತಾರ್ ನೋಡ" ಎಂದು ಮಾಸ್ತರರಿಗೆ ಕೇಳುವಂತೆಯೇ ಅನ್ನುತ್ತಿದ್ದರು. ಮಾಸ್ತರಿಗೆ ಅದರಿಂದ ಸಂತೋಷವೇ ಆಗುತ್ತಿತ್ತು, ಪಾಲು ಕೇಳಲು ಯಾರೂ ಬರುತ್ತಿರಲಿಲ್ಲವಲ್ಲ.

ಅವರು ನಿಜವಾಗಿ ಗಣಿತದ ಮಾಸ್ತರು. ನಮ್ಮ ದೇಶದಿಂದ ಇಥಿಯೋಪಿಯಾಕ್ಕೆ ಶಾಲಾ ಮಾಸ್ತರರು ಹೋಗುತ್ತಿದ್ದ ಕಾಲವೊಂದಿತ್ತಂತೆ. ಹಾಗೆ ಹೋದವರು ಅಲ್ಲಿ ಹನ್ನೊಂದು ವರ್ಷ ಇದ್ದರು, ಆಮೇಲೆ ಯಮನ್ ದೇಶದಲ್ಲಿ ನಾಲ್ಕು ವರ್ಷ. ತಿರುಗಿ ಬಂದು ಜಮಖಂಡಿಯಲ್ಲಿ ಅಕ್ಕನ ಮನೆಯ ಅಟ್ಟದ ಕೋಣೆಯಲ್ಲಿ ಇಳಿದುಕೊಂಡರು. ಮದುವೆ ಆಗಿರಲಿಲ್ಲ. ಕೂತು ಉಣ್ಣಲು ಬೇಜಾರಾಗಿ ಗಿಡದ ಕೆಳಗೆ ಟೇಬಲ್ ಹಾಕಿದರು. ಅಕ್ಕ ಮನೆಯೊಳಗೆ ಬೀಜ ಹುರಿಯಲು ಬಿಡದಿದ್ದುದೂ ಒಂದು ಕಾರಣ ಎಂದು ಆಮೇಲೆ ಅವರೇ ಹೇಳಿದರು.

ನನ್ನ ಅರ್ಜಿಯ ವಿಷಯ ಬಸ್ಸು. ನಮ್ಮ ಊರು ಬೀಳಗಿ ಜಮಖಂಡಿ ನಡುವಿನ ರಸ್ತೆಗೆ ಸಮೀಪ, ಕ್ರಾಸಿನಿಂದ ಅರ್ಧ ಮೈಲು ಒಳಗೆ. ಮುಂಜಾನೆ ಎಂಟಕ್ಕೆ ಒಂದು ಎಕ್ಸ್‌ಪ್ರೆಸ್ ಬಸ್ಸು ಆ ಕ್ರಾಸಿನ ಮುಂದೆ ಧೂಳೆಬ್ಬಿಸಿಕೊಂಡು ಹೋಗುತ್ತಿತ್ತು, ನಿಲ್ಲುತ್ತಿರಲಿಲ್ಲ. ನಿಲ್ಲುವ ಬಸ್ಸು ಬರುವುದು ಹನ್ನೊಂದಕ್ಕೆ. ಕಾಲೇಜು ಒಂಬತ್ತಕ್ಕೆ. ಹೀಗಾಗಿ ನಮ್ಮೂರಿನ ನಾಲ್ವರು ಹುಡುಗಿಯರು ನಾಲ್ಕು ಕಿಲೋಮೀಟರು ನಡೆದು ಮುಂದಿನ ದೊಡ್ಡ ಊರಿನಲ್ಲಿ ಆ ಎಕ್ಸ್‌ಪ್ರೆಸ್ ಹಿಡಿಯುತ್ತಿದ್ದೆವು. ಬೇಸಿಗೆ, ಮಳೆಗಾಲ ಹೇಗೋ ನಡೆಯಿತು. ಕಬ್ಬಿನ ಹಂಗಾಮ ಸುರುವಾದರೆ ಆ ರಸ್ತೆಯ ತುಂಬ ಕಬ್ಬಿನ ಟ್ರ್ಯಾಕ್ಟರು. ಎರಡೆರಡು ಟ್ರೇಲರು ಕಟ್ಟಿಕೊಂಡು, ಕಿವಿ ಹರಿಯುವ ಹಾಡು ಹಾಕಿಕೊಂಡು, ರಸ್ತೆಯೆಲ್ಲ ತಮ್ಮದೇ ಎನ್ನುವಂತೆ ತೊನೆಯುತ್ತ ಬರುತ್ತಿದ್ದವು. ಹಿಂದಿನ ವರ್ಷ ನನ್ನ ಗೆಳತಿಯ ವೇಲು ಟ್ರೇಲರಿನ ಕಬ್ಬಿಗೆ ಸಿಕ್ಕಿ ಅದು ಅವಳನ್ನು ಹತ್ತು ಹೆಜ್ಜೆ ಎಳೆದುಕೊಂಡು ಹೋಗಿತ್ತು.

ಅಪ್ಪ ಸಿಟ್ಟಿನ ಮನುಷ್ಯನಲ್ಲ, ಅಂಜುಬುರುಕ ಮನುಷ್ಯ. ಸಿಟ್ಟಿನವರಿಗಾದರೆ ಎದುರು ಮಾತಾಡಬಹುದು. "ಹಂಗಾಮ ಸುರು ಆಗೂದರಾಗ ಬಸ್ ನಿಂತ್ರ ಕಾಲೇಜು. ಇಲ್ಲಾಂದ್ರ ಮನ್ಯಾಗ ಇದ್ದು ಪರೀಕ್ಷಾ ಕಟ್ಟು" ಎಂದ. ಸಕ್ಕರೆ ಕಾರ್ಖಾನೆ ಸುರುವಾಗಲು ಆರು ವಾರ ಉಳಿದಿತ್ತು. ನಾನು ಬಿ.ಎ. ಮೊದಲ ವರ್ಷದಲ್ಲಿದ್ದೆ. ಮನೆಯಲ್ಲಿ ಕೂತು ಪರೀಕ್ಷೆ ಕಟ್ಟಿದ ನಮ್ಮೂರ ಹುಡುಗಿಯರೆಲ್ಲ ಪರೀಕ್ಷೆಗೆ ಮೊದಲೇ ಮದುವೆಯಾಗಿ ಹೋದದ್ದನ್ನು ನೋಡಿದ್ದೆ.

ರಾತ್ರಿಯೆಲ್ಲ ಕೂತು ಎರಡು ಹಾಳೆ ತುಂಬ ಅರ್ಜಿ ಬರೆದಿದ್ದೆ. ಕಲಿತ ಕನ್ನಡವನ್ನೆಲ್ಲ ಅದರಲ್ಲಿ ಸುರಿದಿದ್ದೆ. ಮಾಸ್ತರರು ಅದನ್ನು ಬರೀ ಟೈಪ್ ಮಾಡಿಕೊಡಲಿ ಎಂದು ಹೋದವಳು. ಅವರು ಕನ್ನಡಕ ಏರಿಸಿ ಓದಿದರು, ಮತ್ತೊಮ್ಮೆ ಓದಿದರು.

"ತಂಗಿ, ನಿನಗ ಬೇಕಾದದ್ದು ಬಸ್ಸೋ, ಮೋಕ್ಷನೋ?" ಎಂದರು.

ನನಗೆ ಮೈ ಉರಿಯಿತು. ಅವರು ಪೆನ್ಸಿಲ್ ಹಿಡಿದು "ತಮ್ಮ ಪಾದಕಮಲಗಳಲ್ಲಿ" ಹೊಡೆದು ಹಾಕಿದರು, "ತಮ್ಮ ಕೀರ್ತಿ ದಶದಿಕ್ಕುಗಳಿಗೂ ಹಬ್ಬಲಿ" ಹೊಡೆದು ಹಾಕಿದರು. "ಇದು ಹಾರೈಕಿ. ಹಾರೈಕಿ ದೇವರ ಕಡೆ ಹೋಗೂದು. ಬೇಡಿಕಿ ಮನಷ್ಯಾನ ಕಡೆ ಹೋಗೂದು. ಎರಡೂ ಒಂದ ಲಕೋಟಿಯೊಳಗ ಹಾಕಿದ್ರ ಎರಡೂ ಮುಟ್ಟೂದಿಲ್ಲ" ಎಂದರು. ಎರಡು ಹಾಳೆ ನಾಲ್ಕು ಸಾಲಾಯಿತು. ಯಾವ ಕ್ರಾಸು, ಯಾವ ಬಸ್ಸು, ಎಷ್ಟು ಹೊತ್ತಿಗೆ, ಎಷ್ಟು ಜನ ಹುಡುಗಿಯರು. ನನ್ನ ರಾತ್ರಿಯ ನಿದ್ದೆ ಹಾಳಾದದ್ದಕ್ಕೆ ಅಳು ಬರುವಂತಾಗಿ ಮುಖ ಊದಿಸಿಕೊಂಡು ಕೂತೆ. ಅದನ್ನು ನೋಡಿ ಪಾಪ ಅನಿಸಿತೇನೋ, ಹಿಡಿಕೆ ಇಲ್ಲದ ಪುಟ್ಟ ಬಟ್ಟಲಿನಲ್ಲಿ ಕಾಫಿ ಸುರಿದು ಮುಂದಿಟ್ಟರು. ಹಾಲಿಲ್ಲ. ಒಂದು ಗುಟುಕು ಕುಡಿದು ಮುಖ ಹಿಂಡಿದೆ. ಮಾಸ್ತರರು ಗಹಗಹಿಸಿ ನಕ್ಕರು.

ಅರ್ಜಿ ಹೋಯಿತು. ಹಿಂಬರಹ ಬಂತು: ಪರಿಶೀಲಿಸಲಾಗುವುದು. ಯಾವ ಡಿಪೋ ಎಂದು ಹೇಳಲಾರೆ, ಈಗ ಅಲ್ಲಿರುವವರೆಲ್ಲ ನನಗೆ ಬೇಕಾದವರು. ಎರಡನೇ ಅರ್ಜಿ ಹೋಯಿತು. ಅದಕ್ಕೂ ಪರಿಶೀಲಿಸಲಾಗುವುದು. ಹೀಗೆ ವಾರಕ್ಕೆರಡು ಸಲ ಕಾಲೇಜು ಬಿಟ್ಟ ಮೇಲೆ ಆ ಗಿಡದ ಕೆಳಗೆ ಹೋಗುವುದು ರೂಢಿಯಾಯಿತು. ಅರ್ಜಿಯ ಕೆಲಸ ಐದು ನಿಮಿಷ. ಉಳಿದದ್ದೆಲ್ಲ ಮಾಸ್ತರರ ಮಾತು.

ಗಣಿತದವರಾದರೂ ಅವರಿಗೆ ಹುಚ್ಚು ಹಿಡಿಸಿದ್ದು ಒಂದೇ: ಯಾವ ಊರಿನ ಮಂದಿ ಹೇಗೆ ಕೇಳುತ್ತಾರೆ, ಹೇಗೆ ಹಾರೈಸುತ್ತಾರೆ. ಅರಬ್ಬೀ, ಹೀಬ್ರೂ, ಇಥಿಯೋಪಿಯಾದ ಅಮ್ಹಾರಿಕ್ ಮೂರೂ ಒಂದೇ ಮನೆತನದ ಭಾಷೆಗಳಂತೆ, ಆ ಮನೆತನಕ್ಕೆ ಸೆಮಿಟಿಕ್ ಎನ್ನುತ್ತಾರಂತೆ. ಎರಡನ್ನು ಅವರು ಅಲ್ಲಿದ್ದು ಕಲಿತವರು. ಹೀಬ್ರೂ ಮಾತ್ರ ಕಾಗದದಿಂದ ಬಂದದ್ದು. ಇಥಿಯೋಪಿಯಾದಲ್ಲಿ ಅವರ ಕೈಕೆಳಗೆ ಲೆಕ್ಕ ಕಲಿತ ಯಹೂದಿ ಹುಡುಗಿಯೊಬ್ಬಳು ಇಸ್ರೇಲಿಗೆ ವಲಸೆ ಹೋಗಿ ನರ್ಸ್ ಆಗಿದ್ದಳು. ವರ್ಷಕ್ಕೆರಡು ಕಾಗದ ಬರೆಯುತ್ತಿದ್ದಳು, ಪ್ರತಿ ಕಾಗದದಲ್ಲೂ ಹೊಸ ಊರಿನ ಹತ್ತು ಮಾತು. ಆ ಕಾಗದಗಳನ್ನು ಮಾಸ್ತರರು ಟೇಬಲ್ಲಿನ ಖಾನೆಯಲ್ಲಿ, ಖಾಲಿ ಅರ್ಜಿ ಫಾರಮುಗಳ ಕೆಳಗೆ ಇಟ್ಟುಕೊಂಡಿದ್ದರು.

ಅಮ್ಹಾರಿಕ್‌ನಲ್ಲಿ "ದಯವಿಟ್ಟು" ಅನ್ನಬೇಕಾದರೆ ಎದುರಿಗೆ ಯಾರಿದ್ದಾರೆ ನೋಡಿಕೊಂಡು ಅನ್ನಬೇಕು. ಗಂಡಸಿಗೆ ಇಬಾಕಿಹ್, ಹೆಂಗಸಿಗೆ ಇಬಾಕಿಶ್, ಹಿರಿಯರಿಗೆ ಇಬಾಕ್ವೊ. ಹೋದ ಹೊಸತರಲ್ಲಿ ಮಾಸ್ತರರು ಮೀಸೆಯ ಹೆಡ್‌ಮಾಸ್ತರಿಗೆ ಹೆಂಗಸರ ಮಾತು ಹಾಕಿ ರಜೆ ಕೇಳಿದರಂತೆ. ಆತ ನಕ್ಕು ನಕ್ಕು ಎರಡು ದಿನ ಹೆಚ್ಚಿಗೆ ಕೊಟ್ಟನಂತೆ. ಅಲ್ಲಿ ನಮಸ್ಕಾರಕ್ಕೆ "ತೇನಾ ಯಿಸ್ತಿಲಿಞ್" ಅನ್ನುತ್ತಾರೆ. ನನ್ನ ಪರವಾಗಿ ಅವನು ನಿನಗೆ ಆರೋಗ್ಯ ಕೊಡಲಿ ಎಂದು ಅರ್ಥ. "ನೋಡ ತಂಗಿ, ಕೊಡಾಂವ ದೇವರು. ಆದ್ರ ನನ್ನ ಪರವಾಗಿ! ದೇವರ ಕೈಲೇ ತಮ್ಮ ಕೆಲಸಾ ಮಾಡಸ್ತಾರ, ಎಂಥಾ ಶಾಣ್ಯಾ ಮಂದಿ" ಎಂದು ಟೇಬಲ್ ಕುಟ್ಟಿದರು.

ಹೀಬ್ರೂ ಮನೆಗಳಲ್ಲಿ ಈಗಿನ ಮಂದಿ ಉಪ್ಪು ಬೇಕಾದರೆ "ಉಪ್ಪು ಕೊಡುವಿ" ಅನ್ನುತ್ತಾರಂತೆ, ಮುಂದೆ ನಡೆಯುವುದನ್ನು ಹೇಳಿಬಿಟ್ಟರೆ ಅದೇ ಕೇಳಿದ ಹಾಗೆ. ಅರಬರದು ಇನ್ನೂ ಒಂದು ಹೆಜ್ಜೆ ಮುಂದೆ. ಜ್ವರ ಬಂದವನಿಗೆ ಅವರು "ಶಫಾಕಲ್ಲಾಹ್" ಅನ್ನುತ್ತಾರೆ. ಅಕ್ಷರಕ್ಕಕ್ಷರ ಹೇಳಿದರೆ, ದೇವರು ನಿನ್ನನ್ನು ಗುಣ ಮಾಡಿದ. ಮಾಡಲಿ ಎಂದಲ್ಲ, ಮಾಡಿದ. ಜ್ವರ ಇನ್ನೂ ನೂರಾಮೂರು ಇರುತ್ತದೆ! ನಂಬಿಕೆ ಅಷ್ಟು ಗಟ್ಟಿ ಇರಬೇಕು ಎಂದು ಮಾಸ್ತರರು. ನಾನು, "ಅಲ್ರಿ ಸರ್, ನಮ್ಮ ಮಂದಿ ಹೆಂಗ ಹಾರೈಸ್ತಾರ?" ಎಂದು ಕೇಳಿದೆ. ಅವರು ಒಲೆಗೆ ಗಾಳಿ ಹೊಡೆಯುತ್ತ, "ನಮ್ಮ ಮಂದಿ ಬಾಯಿಲೆ ಹಾರೈಸೂದು ಕಡಿಮಿ" ಎಂದು ಅಷ್ಟಕ್ಕೇ ಬಿಟ್ಟರು. ಆವತ್ತು ಅದು ನನಗೆ ತಿಳಿಯಲಿಲ್ಲ.

ಮೂರನೇ ಅರ್ಜಿಗೂ ಅದೇ ಹಿಂಬರಹ ಬಂದ ದಿನ ಮಾಸ್ತರರು ಕಾಫಿ ಹುರಿಯಲಿಲ್ಲ. ಟೈಪ್‌ರೈಟರಿನ ಮೇಲೆ ಅರಿವೆ ಮುಚ್ಚಿದ್ದರು. "ಮೂರು ಭಾಷಾದಾಗ ಕೇಳಾಕ ಬರತೈತಿ, ಸ್ವಂತ ಭಾಷಾದಾಗ ಒಂದು ಬಸ್ ನಿಂದ್ರಸಾಕ ಆಗಲಿಲ್ಲ ನೋಡವಾ" ಎಂದರು. ಅವರ ಮುಖ ನೋಡಿ ನನ್ನ ಸಂಕಟವೇ ಮರೆತುಹೋಯಿತು. ಹಂಗಾಮಕ್ಕೆ ಒಂಬತ್ತು ದಿನ ಉಳಿದಿತ್ತು. ಮನೆಗೆ ಬಂದು ಅವ್ವನ ಮುಂದೆ ಅತ್ತೆ.

ಅವ್ವ ಜೋಳ ಹಸನು ಮಾಡುತ್ತ ಕೂತಿದ್ದಳು. ಮೊರ ಕೆಳಗಿಡದೆ ಕೇಳಿದಳು. "ಊರಿಗೆ ಹೊಸಾ ಬಸ್ ಬಂದ ದಿನಾ ಏನ್ ಮಾಡತೇವಿ?"

"ಪೂಜಾ ಮಾಡತೇವಿ."

"ಹಾಂಗಾರ ಪೂಜಾ ಮಾಡೂಣು."

"ಯವ್ವಾ, ಬಸ್ಸ ಬಂದಿಲ್ಲ!"

"ಪೂಜಾ ಮಾಡಿದ ಮ್ಯಾಲೆ ಅದೆಂಗ ಬರೂದಿಲ್ಲ, ಅದನ್ನೂ ನೋಡೂಣಲ್ಲ" ಎಂದಳು ಅವ್ವ.

ಸೋಮವಾರ ಮುಂಜಾನೆ ಏಳೂವರೆಗೆ ನಮ್ಮ ಓಣಿಯ ಇಪ್ಪತ್ತು ಹೆಂಗಸರು ಇಳಕಲ್ ಸೀರೆ ಉಟ್ಟು ಕ್ರಾಸಿನಲ್ಲಿ ನಿಂತಿದ್ದರು. ಆರತಿ ತಟ್ಟೆ, ಚೆಂಡುಹೂವಿನ ಮಾಲೆ, ತೆಂಗಿನಕಾಯಿ, ಎರಡು ಕೊಡ ನೀರು, ಒಂದು ಬುಟ್ಟಿ ಶೇಂಗಾ ಹೋಳಿಗೆ. ಅಪ್ಪ ದೂರದ ಜಾಲಿ ಗಿಡದ ಮರೆಯಲ್ಲಿ ತನಗೂ ಇದಕ್ಕೂ ಸಂಬಂಧವಿಲ್ಲ ಎನ್ನುವ ಹಾಗೆ ನಿಂತಿದ್ದ. ನಾವು ನಾಲ್ವರು ನಾಚಿಕೆಯಿಂದ ನೆಲ ನೋಡುತ್ತಿದ್ದೆವು. ಎಂಟಕ್ಕೆ ಐದು ನಿಮಿಷ ಇರುವಾಗ ತಿರುವಿನಲ್ಲಿ ಕೆಂಪು ಬಸ್ಸು ಕಂಡಿತು. ಅವ್ವ ಆರತಿ ಹಿಡಿದು ರಸ್ತೆಯ ನಡುವಿಗೇ ಹೋದಳು. ಬ್ರೇಕು ಕಿರ್ರೆಂದಿತು.

ಡ್ರೈವರ್ ದಪ್ಪ ಮೀಸೆಯ ಮನುಷ್ಯ. ರಸ್ತೆ ತಡೆ ಚಳವಳಿ ಎಂದು ತಿಳಿದು ಮುಖ ಬಿಳಿಚಿಕೊಂಡಿದ್ದ. ನೋಡಿದರೆ ಹೆಂಗಸರು ಗಾಲಿಗೆ ನೀರು ಹಾಕುತ್ತಿದ್ದಾರೆ, ಗಾಜಿಗೆ ಕುಂಕುಮ ಹಚ್ಚುತ್ತಿದ್ದಾರೆ, ಒಬ್ಬಾಕೆ ಟೊಂಕಕ್ಕೆ ಸೆರಗು ಬಿಗಿದು ಬಂಪರ್ ಮೇಲೆ ಹತ್ತಿ ಮಾಲೆ ಕಟ್ಟುತ್ತಿದ್ದಾಳೆ. ಕಾಯಿ ಒಡೆದರು. ಹಾಡು ಹೇಳಿದರು. ಒಬ್ಬರೂ ಏನನ್ನೂ ಕೇಳಲಿಲ್ಲ. ಅವ್ವ ಬುಟ್ಟಿಯಿಂದ ಹೋಳಿಗೆ ತೆಗೆದು ಡ್ರೈವರನಿಗೂ ಕಂಡಕ್ಟರನಿಗೂ ಕೊಟ್ಟಳು, ಒಳಗೆ ಕೂತವರಿಗೂ ಹಂಚಿದಳು. "ನಮ್ಮೂರಿಗೆ ನಿಂತಿರೆಪಾ, ಭಾಳ ಛಲೋ ಆತು" ಎಂದಳು. ಅಷ್ಟೇ.

ಆಗ ನಾನು ತಲೆಯೆತ್ತಿ ಬೋರ್ಡು ಓದಿದೆ. ನಮ್ಮ ಎಕ್ಸ್‌ಪ್ರೆಸ್ ಅಲ್ಲ! ಎಲ್ಲಿಂದಲೋ ಹೊರಟು ಜಮಖಂಡಿ ದಾಟಿ ಮಿರಜಕ್ಕೆ ಹೋಗುವ ಬೇರೆ ಯಾವುದೋ ಊರಿನ ಬಸ್ಸು. ಆವತ್ತು ಮೊದಲು ಬಂದಿತ್ತು. ನಮ್ಮ ಬಸ್ಸು ಅದೇ ಹೊತ್ತಿಗೆ ಹಿಂದಿನಿಂದ ಬಂದು, ಹಾರ್ನು ಹೊಡೆದು, ರಸ್ತೆಯ ಪಕ್ಕಕ್ಕೆ ಇಳಿದು, ನಮ್ಮೆಲ್ಲರ ಮೇಲೂ ಧೂಳು ಚೆಲ್ಲಿ ಹೊರಟೇಹೋಯಿತು. ನಾನು ಅವ್ವನ ಕಿವಿಯಲ್ಲಿ, "ಯವ್ವಾ, ಬಸ್ ತಪ್ಪೈತಿ. ಇದಲ್ಲ, ಅದು" ಎಂದೆ. ಅವ್ವ ಸೆರಗಿನಿಂದ ಮುಖದ ಧೂಳು ಒರೆಸಿಕೊಂಡಳು. "ಕೆಂಪ ಐತೋ ಇಲ್ಲೋ? ಜಮಖಂಡಿಗೆ ಹೊಕ್ಕೈತೋ ಇಲ್ಲೋ? ಹತ್ತು ಸುಮ್ಮ" ಎಂದು ನನ್ನನ್ನು ಒಳಗೆ ದಬ್ಬಿದಳು.

ಆ ಡ್ರೈವರ್ ದಾರಿಯುದ್ದಕ್ಕೂ ಹೋಳಿಗೆ ತಿಂದ. ಮಾಲೆಯಿಂದ ಅವನಿಗೆ ರಸ್ತೆ ಅರ್ಧವೇ ಕಾಣುತ್ತಿತ್ತು, ಆದರೂ ಸರಿಸಲಿಲ್ಲ. ನಾವು ಇಳಿಯುವಾಗ, "ಇಪ್ಪತ್ತೆರಡು ವರ್ಷ ಆತು ಗಾಡಿ ಹೊಡಿಯಾಕತ್ತು. ಮಂದಿ ಬೈದಾರ, ಕಲ್ಲ ಒಗದಾರ. ಆರತಿ ಯಾರೂ ಮಾಡಿದ್ದಿಲ್ಲ. ನಾಳೆ ಎಂಟಕ್ಕ ನಿಂದ್ರಸ್ತೇನಿ ನಮ್ಮವ್ವಾ" ಎಂದ. ಮರುದಿನ ಅವನ ಸರದಿ ಇರಲಿಲ್ಲ, ಅವನ ಜೊತೆಗಾರನ ಸರದಿ. ಅವನಿಗೆ ಹೇಳಿ ಕಳಿಸಿದ್ದ. ಬಸ್ಸು ನಿಂತಿತು. ಹತ್ತು ದಿನ ನಮ್ಮೂರಿನ ಮಂದಿಯೆಲ್ಲ ಆ ಮಿರಜ ಬಸ್ಸಿಗೇ ಹತ್ತುವುದನ್ನು ನೋಡಿ ನೋಡಿ ಎಕ್ಸ್‌ಪ್ರೆಸ್ಸಿನವನಿಗೆ ಹೊಟ್ಟೆಕಿಚ್ಚಾಯಿತು. ಹನ್ನೊಂದನೇ ದಿನ ಅವನೂ ನಿಲ್ಲಿಸಿ, "ನಮಗ ಹೋಳಿಗಿ ಇಲ್ಲೇನ್ರಿ?" ಎಂದು ಕೇಳಿದ. ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆಗಿಳಿದಾಗ ನಾನು ಬಸ್ಸಿನ ಕಿಟಕಿಯಿಂದ ಅವುಗಳಿಗೆ ನಾಲಿಗೆ ಚಾಚಿದೆ. ತಿಂಗಳೊಳಗೆ ಕ್ರಾಸಿನಲ್ಲಿ ಕಂಬ ನೆಟ್ಟು ಹಳದಿ ತಗಡು ಹೊಡೆದರು: ಕೋರಿಕೆ ನಿಲುಗಡೆ. ಸಂಜೆ ಜಮಖಂಡಿಯಿಂದ ನಾಲ್ಕೂವರೆಗೆ ಬಿಡುವ ಬಸ್ಸೂ ನಿಲ್ಲತೊಡಗಿತು. ಅಪ್ಪ ಆ ಕಂಬವನ್ನು ಮುಟ್ಟಿ ನೋಡಿ ಬಂದ, ಗಟ್ಟಿ ಇದೆಯೋ ಇಲ್ಲವೋ ಎಂದು.

ಪೂಜೆಯ ದಿನವೇ ಮಧ್ಯಾಹ್ನ ಓಡಿಹೋಗಿ ಮಾಸ್ತರರಿಗೆ ಎಲ್ಲವನ್ನೂ ಹೇಳಿದ್ದೆ. ತಪ್ಪು ಬಸ್ಸಿನ ಮಾತು ಬಂದಾಗ ಅವರು ನಕ್ಕ ನಗುವಿಗೆ ಕನ್ನಡಕ ಜಾರಿ ಬಾಣಲೆಯೊಳಗೆ ಬಿತ್ತು. ಅದನ್ನು ಇಕ್ಕಳದಿಂದ ತೆಗೆದೆವು. ಕಣ್ಣೊರೆಸಿಕೊಂಡು, "ನಮ್ಮ ಮಂದಿ ಹೆಂಗ ಹಾರೈಸ್ತಾರಂತ ಕೇಳಿದ್ದೆಲ್ಲ? ಹಿಂಗ. ಅರಬರು ಆಗೇತಿ ಅಂತಾರ. ನಿಮ್ಮವ್ವ ಆಗೇತಿ ಅಂತ ಹೋಳಿಗಿನ ಹಂಚಿದಳು" ಎಂದರು. ನನ್ನ ಮೂರೂ ಹಿಂಬರಹಗಳನ್ನು ಇಸಿದುಕೊಂಡು ಇಸ್ರೇಲಿನ ಆ ಕಾಗದಗಳ ಜೊತೆ ಖಾನೆಯಲ್ಲಿಟ್ಟರು.

ಆವತ್ತು ಅವರು ಕಾಫಿಯ ಕ್ರಮ ಹೇಳಿಕೊಟ್ಟರು. ಇಥಿಯೋಪಿಯಾದಲ್ಲಿ ಮನೆಗೆ ಬಂದವರಿಗೆ ಮೂರು ಸುತ್ತು ಕಾಫಿ. ಅದೇ ಪುಡಿಗೆ ಮತ್ತೆ ಮತ್ತೆ ನೀರು ಹಾಕಿ ಕುದಿಸುವುದು. ಮೊದಲನೆಯದು ಅಬೋಲ್, ಕಡು ಕಹಿ. ಎರಡನೆಯದು ತೋನಾ, ಹದ. ಮೂರನೆಯದು ಬೆರಕಾ. ಅದರಲ್ಲಿ ಕಾಫಿ ಬರೀ ಹೆಸರಿಗೆ, ಬಿಸಿನೀರಿಗೆ ಬಣ್ಣ ಬಂದಿರುತ್ತದೆ ಅಷ್ಟೇ. ಆದರೆ ಅದನ್ನು ಕುಡಿಯದೆ ಏಳಬಾರದು, ಆಶೀರ್ವಾದ ಇರುವುದು ಅದರಲ್ಲಿ. ಬೆರಕಾ ಎಂದರೆ ಆಶೀರ್ವಾದ. ಅರಬರು ಬರಕಾ ಅನ್ನುತ್ತಾರೆ, ಹೀಬ್ರೂದವರು ಬ್ರಾಖಾ. "ಅಣ್ಣತಮ್ಮಂದಿರು ಜಗಳ್ಯಾಡಿ ಬ್ಯಾರೆ ಆಗ್ಯಾರ. ಇದೊಂದು ಮಾತು ಮಾತ್ರ ಪಾಲ ಮಾಡಿಕೊಂಡಿಲ್ಲ" ಎನ್ನುತ್ತಿದ್ದರು.

ಆಮೇಲೆ ಬಿ.ಎ. ಮುಗಿಯುವವರೆಗೂ ನಾನು ಆ ಗಿಡದ ಕೆಳಗೆ ಎಷ್ಟು ಸಲ ಕೂತೆನೋ. ಮುಖ ಹಿಂಡುವುದನ್ನು ಬಿಟ್ಟೆ. ಅವರ ಬಳಿ ಬರುವವರನ್ನು ನೋಡುತ್ತ ಕೂರುತ್ತಿದ್ದೆ. ಬನಹಟ್ಟಿಯಿಂದ ಬರುತ್ತಿದ್ದ ನೇಕಾರ ಅಜ್ಜಿಯೊಬ್ಬಳು ಪ್ರತಿ ಸಲವೂ ಸಾಹೇಬರನ್ನು ಬೈದು ಬರೆಯಿರಿ ಅನ್ನುತ್ತಿದ್ದಳು. ಮಾಸ್ತರರು ಬೈಗುಳವನ್ನೆಲ್ಲ ತಲೆಯಾಡಿಸುತ್ತ ಕೇಳಿ, ನಾಲ್ಕು ಸಾಲು ಮರ್ಯಾದೆಯ ಅರ್ಜಿ ಬರೆದು, ಅಜ್ಜಿಗೆ ಮಾತ್ರ ಬೈಗುಳ ಸೇರಿಸಿ ಓದಿ ಹೇಳುತ್ತಿದ್ದರು. ಅಜ್ಜಿ ತೃಪ್ತಿಯಿಂದ ಹೆಬ್ಬೆಟ್ಟು ಒತ್ತಿ ಹೋಗುತ್ತಿದ್ದಳು...

ಮೂರಕ್ಕೆ ಹುರಿಯಲು ಕೂತರೆ ಕುಟ್ಟಿ ಕುದಿಸುವ ಹೊತ್ತಿಗೆ ಮೂರೂಮುಕ್ಕಾಲು. ಮೊದಲ ಬಟ್ಟಲು ಕುಡಿಯುವಾಗ ನಾಲ್ಕು, ಎರಡನೆಯದು ಕುಡಿದಾಗ ನಾಲ್ಕೂಕಾಲು. ಅಷ್ಟರಲ್ಲಿ ನನ್ನ ಕಣ್ಣು ಗಡಿಯಾರದ ಮೇಲೆ. "ಬಸ್ ಐತ್ರಿ ಸರ್, ಬರತೇನ್ರಿ" ಎಂದು ಚೀಲ ಹೆಗಲಿಗೇರಿಸಿ ಓಡುತ್ತಿದ್ದೆ. "ಬೆರಕಾ ಉಳೀತು ನೋಡವಾ" ಎಂದು ಅವರು ಹಿಂದಿನಿಂದ ಕೂಗುತ್ತಿದ್ದರು. ಒಮ್ಮೊಮ್ಮೆ, "ಬಸ್ ನಿಂದ್ರಸಾಕ ಹೋಗಿ ನನ್ನ ಕಾಲ ಮ್ಯಾಲೆ ನಾನ ಕಲ್ಲ ಹಾಕ್ಕೊಂಡೆ" ಎಂದು ನಗುತ್ತಿದ್ದರು. ಮೂರು ವರ್ಷದಲ್ಲಿ ಒಂದು ಸಲವೂ ಮೂರನೇ ಬಟ್ಟಲಿಗೆ ನಾನು ಕೂರಲಿಲ್ಲ.

ಸಾವಿರಾರು ಜನರ ಬೇಡಿಕೆ ಬರೆದ ಆ ಮನುಷ್ಯ ತನಗಾಗಿ ಯಾರನ್ನೂ ಏನನ್ನೂ ಕೇಳಿದ್ದನ್ನು ನಾನು ನೋಡಿಲ್ಲ. ಒಂದೇ ಒಂದು ಸಲ ಕೇಳಿದರು, ಅದೂ ನನ್ನನ್ನು. ಕೊನೆಯ ಪರೀಕ್ಷೆ ಮುಗಿಸಿ ಹೇಳಿ ಹೋಗಲು ಬಂದಿದ್ದೆ. ಎರಡನೇ ಬಟ್ಟಲು ಕೆಳಗಿಟ್ಟು ಎದ್ದಾಗ ಅವರು ನಗಲಿಲ್ಲ.

"ಇಬಾಕಿಶ್, ತಂಗಿ. ಇವತ್ತೊಂದಿನ ಮೂರೂ ಕುಡದು ಹೋಗು."

"ಮುಂದಿನ ವಾರ ಹೋದ ವರ್ಷದ ಮಾರ್ಕ್ಸ್ ಕಾರ್ಡಿಗೆ ಬರತೇನಲ್ರಿ ಸರ್. ಆವಾಗ ಖರೆ ಕುಡೀತೇನಿ" ಎಂದೆ. ನಾಲ್ಕೂವರೆಯ ಬಸ್ಸು ಹಿಡಿದೆ.

ಮುಂದಿನ ವಾರ ಮಾರ್ಕ್ಸ್ ಕಾರ್ಡ್ ಬರಲಿಲ್ಲ. ಬಂದಾಗ ಅಣ್ಣ ಹೋಗಿ ತಂದ. ನಾನು ಧಾರವಾಡಕ್ಕೆ ಓದಲು ಹೋದೆ, ಆಮೇಲೆ ಕೆಲಸ, ಮದುವೆ, ಮುಧೋಳ. ಜಮಖಂಡಿ ಮೇಲೆ ಹಾದುಹೋದಾಗಲೆಲ್ಲ ಇಳಿಯಬೇಕು ಅಂದುಕೊಳ್ಳುತ್ತಿದ್ದೆ. ಬಸ್ಸಿನಲ್ಲಿ ಸೀಟು ಸಿಕ್ಕಿರುತ್ತಿತ್ತು, ಮಗು ಮಲಗಿರುತ್ತಿತ್ತು... ಕೊನೆಗೊಂದು ದಿನ ಇಳಿದು ಹೋದಾಗ ಗಿಡದ ಕೆಳಗೆ ಹುಡುಗಿಯೊಬ್ಬಳು ಕಂಪ್ಯೂಟರ್ ಇಟ್ಟುಕೊಂಡು ಕೂತಿದ್ದಳು. ಮಾಸ್ತರರು ತೀರಿಕೊಂಡು ಎರಡು ವರ್ಷವಾಗಿತ್ತು. ಅವರ ಅಕ್ಕ ಅದಕ್ಕೂ ಮೊದಲೇ ಹೋಗಿದ್ದರಂತೆ. ಆ ಕಾಗದಗಳು ಏನಾದವೋ, ಆ ಹುಡುಗಿಗೆ ಗೊತ್ತಿರಲಿಲ್ಲ. ಚಹಾದಂಗಡಿಯವನು ಮಾತ್ರ, "ಈಗ ಮೂರಕ್ಕ ವಾಸನಿ ಬರೂದಿಲ್ಲ ನೋಡ್ರಿ, ಏನೋ ಖಾಲಿ ಖಾಲಿ ಅನಸ್ತೈತಿ" ಎಂದ. ನಾನು ಅಲ್ಲಿ ನಿಂತೇ ಅತ್ತೆ. ಅವರು ಕೇಳಿದ್ದು ಕಾಲು ತಾಸು. ಬಸ್ಸು ಕೊಡಿಸಲು ಐದು ವಾರ ಒದ್ದಾಡಿದವರಿಗೆ ನಾನು ಕಾಲು ತಾಸು ಕೊಡಲಿಲ್ಲ. ಇದನ್ನು ಬೇರೆ ಯಾವ ರೀತಿ ಹೇಳಿದರೂ ಸುಳ್ಳಾಗುತ್ತದೆ.

ಕಳೆದ ಭಾನುವಾರ ಬೀಜ ಹುರಿದಾದ ಮೇಲೆ ಒರಳಿನಲ್ಲಿ ಕುಟ್ಟಿದೆ. ಮೊದಲ ಸುತ್ತು ಕುದಿಸಿ ಅವ್ವನಿಗೂ ವೈನಿಗೂ ಕೊಟ್ಟೆ. ಅವ್ವ ಮುಖ ಹಿಂಡಿದ್ದು ನೋಡಿ ನಾನು ಮಾಸ್ತರರ ಹಾಗೆಯೇ ಗಹಗಹಿಸಿದೆ. "ಇದನ್ನ ಕುಡಿದಾ ಮೂರು ವರ್ಷ ಬಿ.ಎ. ಕಲತದ್ದು?" ಎಂದಳು. ಎರಡನೇ ಸುತ್ತಿಗೆ ವೈನಿ ಬೆಲ್ಲ ಕೇಳಿದಳು. ನನ್ನ ಚೀಲ ಬಾಗಿಲ ಬಳಿ ಸಿದ್ಧವಾಗಿತ್ತು. ಐದಕ್ಕೆ ಕ್ರಾಸಿನಿಂದ ಜಮಖಂಡಿಯ ಬಸ್ಸು. ಮರುದಿನ ಎಂಟಕ್ಕೇ ಮುಧೋಳದಲ್ಲಿ ಪಾಠ ಇತ್ತು. ಆ ಕ್ರಾಸಿಗೆ ಈಗಲೂ ಕಂಡಕ್ಟರುಗಳು "ಹೋಳಿಗಿ ಸ್ಟಾಪ್ ಯಾರದರೀ?" ಎಂದೇ ಕೂಗುತ್ತಾರೆ.

ಐದಕ್ಕೆ ಹತ್ತು ನಿಮಿಷವಿತ್ತು. ನಾನು ಅದೇ ಪುಡಿಗೆ ಮತ್ತೆ ನೀರು ಸುರಿದು ಒಲೆಯ ಮೇಲಿಟ್ಟೆ. ಅವ್ವ ಗಡಿಯಾರ ನೋಡಿದಳು, ನನ್ನನ್ನು ನೋಡಿದಳು. ನೀರು ಕುದಿ ಬರಲು ತನ್ನ ಪಾಡಿನ ಹೊತ್ತು ತೆಗೆದುಕೊಂಡಿತು. ಮೂರು ಲೋಟಕ್ಕೆ ಸುರಿದೆ. ತಿಳಿ ಕಂದು ನೀರು, ರುಚಿ ಇದೆಯೋ ಇಲ್ಲವೋ ಎನ್ನುವಷ್ಟು. ನಿಧಾನವಾಗಿ ಕುಡಿಯತೊಡಗಿದೆ. ದೂರದಲ್ಲಿ ಕ್ರಾಸಿನ ಕಡೆಯಿಂದ ಹಾರ್ನು ಕೇಳಿಸಿತು, ಒಂದು ಸಲ, ಮತ್ತೊಂದು ಸಲ. ಆಮೇಲೆ ಗೇರು ಬದಲಿಸಿದ ಸದ್ದು.

"ಬಸ್ ಹೋತಲ್ಲಬೇ!" ಎಂದಳು ಅವ್ವ.

"ಹೋಗ್ಲಿ ಬಿಡವಾ" ಎಂದೆ. ಲೋಟದಲ್ಲಿ ಇನ್ನೂ ಅರ್ಧ ಉಳಿದಿತ್ತು.